ಕಸಬರಿಗೆ ನಮ್ಮ ಕೈಯಾಗ, ಕೀಲಿಕೈ ಯಾರ ಕೈಯಾಗ?

(ವಿಜಯಪುರದ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)

ಹಾಸ್ಟೆಲಿನ ಗೆಳೆಯರೇ, ತಂಗಿಯರೇ,

ಇವತ್ತು ನಾವು ದವಾಖಾನಿ ಬಗ್ಗೆ ಮಾತಾಡಲು ಕೂಡಿದ್ದೇವೆ. ರೋಗದ ಬಗ್ಗೆ ಅಲ್ಲ, ಔಷಧದ ಬಗ್ಗೆಯೂ ಅಲ್ಲ. ದವಾಖಾನಿ ನಡೆಸುವವರು ಯಾರು ಎಂಬುದರ ಬಗ್ಗೆ.

ಬೆಳಿಗ್ಗೆ ಯಾವುದಾದರೂ ಸರ್ಕಾರಿ ದವಾಖಾನಿಗೆ ಹೋಗಿ ನೋಡ್ರಿ. ನೆಲ ಒರೆಸುವವರು ಬಹುತೇಕ ನಮ್ಮವರು. ಹೆರಿಗೆ ಕೋಣೆಯ ರಕ್ತ ತೊಳೆಯುವ ಆಯಾ ನಮ್ಮವ್ವ. ಗಟಾರ ಬಳಿಯುವವ ನಮ್ಮ ಕಾಕಾ. ಹೊರಗೆ ಕಟ್ಟೆಯ ಮೇಲೆ ಚೀಟಿ ಹಿಡಿದು ಕೂತವರೂ ನಮ್ಮವರೇ. ಒಳಗೆ ಬಿಲ್ಲಿಗೆ ಸಹಿ ಹಾಕುವವರು, ಔಷಧಕ್ಕೆ ಇಂಡೆಂಟ್ ಕಳಿಸುವವರು, ಪಾಳಿಯ ಪಟ್ಟಿ ಬರೆಯುವವರು, ಸಭೆಯಲ್ಲಿ ಠರಾವು ಮಾಡುವವರು? ಅವರಲ್ಲಿ ನಮ್ಮವರು ಎಷ್ಟು ಮಂದಿ? ಬೆರಳು ಮಡಚಿ ಎಣಿಸ್ರಿ.

ನಮ್ಮ ಮನೆಗಳಲ್ಲಿ ಒಂದು ಆಸೆ ಇದೆ: ಮಕ್ಕಳು ಡಾಕ್ಟರ್ ಆಗಲಿ. ಆಗಲಿ, ಖಂಡಿತ ಆಗಲಿ. 2025ರಲ್ಲಿ ಇದೇ ವಿಜಯಪುರದಲ್ಲಿ ಖಾಸಗಿ ಸಹಭಾಗಿತ್ವ ಬೇಡ, ಪೂರ್ಣ ಸರ್ಕಾರಿ ವೈದ್ಯಕೀಯ ಕಾಲೇಜೇ ಬೇಕು ಎಂದು ಜನ ಧರಣಿ ಕೂತರು. ಬಡವರ ಮಕ್ಕಳಿಗೆ ಡಾಕ್ಟರ್ ಓದು ಸಿಗಬೇಕೆಂಬ ಆ ಹೋರಾಟ ನ್ಯಾಯವಾದದ್ದು. ಆದರೆ ಗೆಳೆಯರೇ, ದವಾಖಾನಿ ಬರೇ ಡಾಕ್ಟರಿಂದ ನಡೆಯುವುದಿಲ್ಲ.

ಸರ್ಕಾರದ ಮಾನದಂಡದ ಪ್ರಕಾರ ಬಯಲುನಾಡಿನಲ್ಲಿ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನರಿಗೆ 30 ಹಾಸಿಗೆಯ ಒಂದು ಸಮುದಾಯ ಆರೋಗ್ಯ ಕೇಂದ್ರ ಇರಬೇಕು. ಅಂದರೆ ಲಕ್ಷಕ್ಕೂ ಮೀರಿದ ಜನರ ಜೀವ ಒಂದು ಕಚೇರಿಯ ಮೇಜಿನ ಮೇಲೆ ಇರುತ್ತದೆ.

ತಿಕೋಟಾ ಕಡೆ ದ್ರಾಕ್ಷಿ ತೋಟಕ್ಕೆ ರಾತ್ರಿ ನೀರು ಬಿಡಲು ಹೋದ ಕೂಲಿಯವನಿಗೆ ಹಾವು ಕಚ್ಚಿತು ಅನ್ರಿ. ದವಾಖಾನಿಗೆ ಹೊತ್ತು ತಂದರು. ಡಾಕ್ಟರ್ ಇದ್ದಾರೆ. ಆದರೆ ಹಾವಿನ ವಿಷದ ಇಂಜೆಕ್ಷನ್ ತೀರಿದೆ, ಮತ್ತೆ ತರಿಸಲು ಇಂಡೆಂಟ್ ಹೋಗಿಲ್ಲ. ಆ ಮನುಷ್ಯನನ್ನು ಕೊಂದದ್ದು ಹಾವೋ, ಬರೆಯದ ಕಾಗದವೋ? ಬಬಲೇಶ್ವರ ಕಡೆಯ ತಾಂಡಾದಿಂದ ಒಬ್ಬ ಹೆಣ್ಣುಮಗಳು ನಡುರಾತ್ರಿ ಹೆರಿಗೆಗೆ ಬಂದಳು ಅನ್ರಿ. ರಾತ್ರಿ ಪಾಳಿಗೆ ನರ್ಸ್ ಇಲ್ಲ, ವಿಜಯಪುರಕ್ಕೆ ಒಯ್ಯಿರಿ ಅಂದರು. ಆ ಪಾಳಿಯ ಪಟ್ಟಿ ಬರೆದವರು ಯಾರು? ತಾಂಡಾದ ದಾರಿ ಅವರಿಗೆ ಗೊತ್ತಿತ್ತೇ?

ಇದಕ್ಕೇ ಆಡಳಿತ ಅನ್ನೋದು. ಇದು ಬರೇ ಕಾಗದದ ಕೆಲಸ ಅಲ್ಲ, ಜೀವದ ಕೆಲಸ.

ರೊಕ್ಕದ ಮಾತಿಗೂ ಬರೋಣ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ದವಾಖಾನಿಗಳಿಗೆ ಸಮಿತಿಗಳು ಬಂದವು. ನಮ್ಮ ರಾಜ್ಯದಲ್ಲಿ ಅದರ ಹೆಸರು ಆರೋಗ್ಯ ರಕ್ಷಾ ಸಮಿತಿ. ಚುನಾಯಿತರು, ಅಧಿಕಾರಿಗಳು, ಸಾರ್ವಜನಿಕರು ಕೂಡಿ ಕೂಡ್ರುವ ಜಾಗ ಅದು. ಬಳಕೆದಾರರ ಶುಲ್ಕ, ಮುಕ್ತ ನಿಧಿ ಯಾವುದಕ್ಕೆ ಖರ್ಚಾಗಬೇಕು ಎಂದು ತೀರ್ಮಾನ ಆಗುವುದು ಅಲ್ಲೇ. ಬಾಣಂತಿಯರಿಗೆ ಬಿಸಿನೀರು ಮೊದಲೋ, ಸಾಹೇಬರ ಕೋಣೆಗೆ ಪರದೆ ಮೊದಲೋ ಎಂದು ಹೇಳುವವರು ಅವರೇ. ಕಟ್ಟೆಯ ಮೇಲೆ ಕೂತವರಿಗೆ ಇಂಥ ಸಮಿತಿ ಇದೆ ಎಂಬುದೇ ಗೊತ್ತಿಲ್ಲದಿದ್ದರೆ ಅವರ ಪರವಾಗಿ ಅಲ್ಲಿ ಮಾತಾಡುವವರು ಯಾರು?

ದೂರದ ಒಂದು ಮಾತು ಕೇಳ್ರಿ. ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಕರಿಯ ಜನ ಬಿಳಿಯರ ಹತ್ತಿ ಹೊಲಗಳಲ್ಲಿ ಪಾಲಿಗೆ ದುಡಿಯುತ್ತಿದ್ದರು. ಅಲ್ಲಿನ ಮೌಂಡ್ ಬಾಯು ಎಂಬ ಊರಲ್ಲಿ 1967ರಲ್ಲಿ ಒಂದು ಸಮುದಾಯ ಆರೋಗ್ಯ ಕೇಂದ್ರ ತೆರೆಯಿತು. ಹಸಿವೆಯಿಂದ ಬಂದ ಮಕ್ಕಳಿಗೆ ಅಲ್ಲಿನ ಡಾಕ್ಟರರು ಚೀಟಿಯಲ್ಲಿ ಔಷಧದ ಬದಲು ಊಟ ಬರೆದರು. ಅಷ್ಟಕ್ಕೇ ನಿಲ್ಲಲಿಲ್ಲ. ಬಾವಿ ತೋಡಿಸಿದರು, ಬೇಸಾಯದ ಸಹಕಾರಿ ಸಂಘ ಕಟ್ಟಲು ನೆರವಾದರು, ಓದು ಬಿಟ್ಟವರಿಗೆ ಮತ್ತೆ ಪಾಠ ಹೇಳಿದರು. ಪಾಲುಗಾರರ ಮಗಳು ಎಲ್.ಸಿ. ಡಾರ್ಸಿ ಶಾಲೆ ಅರ್ಧಕ್ಕೆ ಬಿಟ್ಟವರು, ಆರು ಮಕ್ಕಳ ತಾಯಿ. ಆ ಸಹಕಾರಿ ಸಂಘದಲ್ಲಿ ದುಡಿದರು, ಮುಂದೆ ಓದಿದರು, ಡಾಕ್ಟರೇಟ್ ಪಡೆದರು. 1988ರಲ್ಲಿ ಅದೇ ಆರೋಗ್ಯ ಕೇಂದ್ರದ ಮುಖ್ಯ ಆಡಳಿತಗಾರರಾದರು. ಕಟ್ಟೆಯ ಮೇಲೆ ಕೂಡ್ರುವ ಜನರ ನಡುವಿನಿಂದ ಎದ್ದವರು ಕುರ್ಚಿಗೆ ಬಂದರು. ಆ ದೇಶದಲ್ಲಿ ಸರ್ಕಾರದ ಅನುದಾನ ಪಡೆಯುವ ಇಂಥ ಕೇಂದ್ರಗಳ ಆಡಳಿತ ಮಂಡಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಲ್ಲೇ ಚಿಕಿತ್ಸೆ ಪಡೆಯುವವರು ಇರಬೇಕೆಂದು ಕಾನೂನೇ ಇದೆ. ನಮ್ಮಲ್ಲಿ ಯಾಕೆ ಬೇಡ?

ನಮಗೂ ದಾರಿಗಳಿವೆ. ಆಡಳಿತ ವೈದ್ಯಾಧಿಕಾರಿ ಆಗಲು ಡಾಕ್ಟರ್ ಓದು ಬೇಕು, ನಿಜ. ಆದರೆ ಕಚೇರಿ ಅಧೀಕ್ಷಕರು, ಪ್ರಥಮ ದರ್ಜೆ ಸಹಾಯಕರು, ಫಾರ್ಮಸಿ ಅಧಿಕಾರಿ, ನರ್ಸಿಂಗ್ ಅಧಿಕಾರಿ, ಆರೋಗ್ಯ ಅಭಿಯಾನದ ಕಾರ್ಯಕ್ರಮ ವ್ಯವಸ್ಥಾಪಕರು, ಇವೆಲ್ಲ ದವಾಖಾನಿಯ ಕೀಲಿಕೈ ಇರುವ ಜಾಗಗಳೇ. ಆಸ್ಪತ್ರೆ ಆಡಳಿತ, ಸಾರ್ವಜನಿಕ ಆರೋಗ್ಯ ಎಂಬ ಓದುಗಳಿವೆ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿವೆ, ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲೂ ಇವೆ. ಬಿ.ಎ., ಬಿ.ಕಾಂ. ಮುಗಿಸಿ ಮುಂದೇನು ಎಂದು ಕೂತ ತಮ್ಮಂದಿರು, ತೊರವಿಯ ಮಹಿಳಾ ವಿಶ್ವವಿದ್ಯಾಲಯದಲ್ಲಿ ಓದುವ ತಂಗಿಯರು ಈ ಕಡೆಗೂ ಕಣ್ಣು ಹಾಯಿಸಬೇಕು.

ಅಡ್ಡಿಗಳೂ ಇವೆ. ಅಭಿಯಾನದ ಕೆಲಸಗಳು ಗುತ್ತಿಗೆಯವು. ನೆಲ ಒರೆಸುವ ಕೆಲಸ ಹೊರಗುತ್ತಿಗೆಯದು. ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಬೇಕೆಂದು 2024ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಸುತ್ತೋಲೆ ಹೊರಡಿಸಿತು. ಕಾಗದ ಬಂತು. ಅದನ್ನು ಜಾರಿ ಮಾಡಿಸುವವರು ನಾವೇ ಆಗಬೇಕು. ಮೀಸಲಾತಿ ಬರೇ ಕಸಬರಿಗೆಗೆ ಸಿಕ್ಕು ಕುರ್ಚಿಗೆ ಸಿಗದಿದ್ದರೆ ಅದು ಹಳೆಯ ಊರಿನ ವ್ಯವಸ್ಥೆಯೇ, ಹೊಸ ಬೋರ್ಡಿನ ಕೆಳಗೆ.

ಇನ್ನೊಂದು ಕಟುವಾದ ಮಾತು. ನಮ್ಮವರು ಅಂದರೆ ಯಾರು? ನಮ್ಮೊಳಗಿನ ಒಂದೇ ಜಾತಿಯ ಗಂಡಸರು ನಾಲ್ಕು ಕುರ್ಚಿ ಹಿಡಿದರೆ ಮುಗಿಯಿತೇ? ಛಲವಾದಿ, ಮಾದರ, ಸಮಗಾರ, ಢೋರ, ಭೋವಿ, ತಾಂಡಾದ ಲಂಬಾಣಿ, ಬಡ ಮುಸ್ಲಿಮರು, ಪೌರಕಾರ್ಮಿಕರ ಮಕ್ಕಳು, ದೇವದಾಸಿ ತಾಯಂದಿರ ಮಕ್ಕಳು, ಇವರೆಲ್ಲ ಬರಬೇಕು. ಹೆಣ್ಣುಮಕ್ಕಳು ಮೊದಲು ಬರಬೇಕು, ಯಾಕೆಂದರೆ ದವಾಖಾನಿಯ ಕಟ್ಟೆ ಹೆಚ್ಚು ಸವೆಸಿದವರು ಅವರು. ಕುರ್ಚಿಗೆ ಹೋದವರು ಕಟ್ಟೆಯನ್ನು ಮರೆಯಬಾರದು. ಮರೆತರೆ ನೆನಪಿಸುವ ಸಂಘಟನೆ ಹೊರಗೆ ನಿಂತಿರಬೇಕು.

ಹಾಗಾದರೆ ನಾಳೆಯಿಂದ ಏನು ಮಾಡಬೇಕು? ಮೂರು ಕೆಲಸ.

ಒಂದು: ಪ್ರತಿ ಹಾಸ್ಟೆಲಿನಿಂದ ಐದು ಮಂದಿಯ ತಂಡ ಹತ್ತಿರದ ಸರ್ಕಾರಿ ದವಾಖಾನಿಗೆ ಹೋಗಬೇಕು. ಆರೋಗ್ಯ ರಕ್ಷಾ ಸಮಿತಿಯಲ್ಲಿ ಯಾರಿದ್ದಾರೆ, ಯಾವಾಗ ಸಭೆ ಆಯಿತು, ರೊಕ್ಕ ಎಲ್ಲಿ ಹೋಯಿತು ಎಂದು ಕೇಳಬೇಕು. ಹೇಳದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು.

ಎರಡು: ಈಗಾಗಲೇ ನರ್ಸ್, ಗುಮಾಸ್ತ, ಫಾರ್ಮಸಿ ಕೆಲಸದಲ್ಲಿರುವ ನಮ್ಮ ಅಕ್ಕಂದಿರು, ಅಣ್ಣಂದಿರನ್ನು ಭಾನುವಾರ ಹಾಸ್ಟೆಲಿಗೆ ಕರೆಯಬೇಕು. ಇಂಡೆಂಟ್ ಹೇಗೆ ಬರೆಯುತ್ತಾರೆ, ಲೆಕ್ಕ ಹೇಗೆ ಇಡುತ್ತಾರೆ, ಅವರಿಂದ ಕಲಿಯಬೇಕು. ಈ ವಿದ್ಯೆಯನ್ನು ಯಾವ ಅಗ್ರಹಾರವೂ ಬಚ್ಚಿಡಲಾರದು.

ಮೂರು: ನೆಲ ಒರೆಸುವ ಅವ್ವಂದಿರ ಹತ್ತಿರ ಕೂತು ಕೇಳಬೇಕು. ದವಾಖಾನಿಯಲ್ಲಿ ಯಾವ ನಲ್ಲಿ ಸೋರುತ್ತದೆ, ಯಾವ ರಾತ್ರಿ ಯಾರು ಬರಲಿಲ್ಲ, ಅವರಿಗೆ ಎಲ್ಲ ಗೊತ್ತಿದೆ. ಆಡಳಿತದ ಮೊದಲ ಪಾಠ ಅವರದೇ.

ತಿಕೋಟಾ, ಬಬಲೇಶ್ವರ 2018ರಲ್ಲಿ ಹೊಸ ತಾಲೂಕುಗಳಾದವು. ಹೊಸ ತಾಲೂಕು ಅಂದರೆ ಹೊಸ ಕಚೇರಿ, ಹೊಸ ಕುರ್ಚಿ. ಖಾಲಿ ಕುರ್ಚಿ ಬಹಳ ದಿನ ಖಾಲಿ ಇರುವುದಿಲ್ಲ. ತಯಾರಾದವರು ಬಂದು ಕೂಡ್ರುತ್ತಾರೆ. ಬಾಬಾಸಾಹೇಬರು ನಮಗೆ ಓದು ಅಂದದ್ದು ಬರೇ ಸಂಬಳಕ್ಕಲ್ಲ, ಅಧಿಕಾರದ ಜಾಗದಲ್ಲಿ ಕೂತು ನಮ್ಮ ಜನರನ್ನು ಕಾಯಲಿಕ್ಕೆ.

ಕಸಬರಿಗೆ ಹಿಡಿದ ಕೈಗೆ ಅವಮಾನವಿಲ್ಲ. ಅದೇ ಕೈಗೆ ಕೀಲಿಕೈ ಕೊಡದ ವ್ಯವಸ್ಥೆಗೆ ಅವಮಾನ. ತಯಾರಾಗ್ರಿ.

ಜೈ ಭೀಮ್.