ನಗರಸಭೆಯೂ ನಮ್ಮ ಸನ್ಮಾನವೂ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣದ ಲೇಖರೂಪ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಕಸ, ಕಕ್ಕಸು, ನಲ್ಲಿನೀರುಗಳ ಮಾತನ್ನೆತ್ತಿದರೆ ನಿಮ್ಮಲ್ಲಿ ಕೆಲವರಿಗಾದರೂ ಇದೇನು ಅಪಸ್ವರವೆಂದು ತೋರಬಹುದು. ಈ ದಿನ ನುಡಿಯ ಸೊಬಗನ್ನೂ ನಾಡಿನ ಇತಿಹಾಸವನ್ನೂ ಕುರಿತು ಆಡುವುದು ವಾಡಿಕೆ. ವಾಡಿಕೆ ಒಳ್ಳೆಯದೇ. ಆದರೆ 1956ರ ನವೆಂಬರ್ 1ರಂದು ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ರಾಜ್ಯವನ್ನು ಬಿಟ್ಟು ಕನ್ನಡ ನಾಡನ್ನು ಸೇರಿದಾಗ, ಆ ಸೀಮೆಯಿಂದಲೂ ಕರಾವಳಿಯಿಂದಲೂ ಬಂದು ಇಲ್ಲಿ ಬೇರೂರಿದ್ದ ನಮ್ಮ ಹಿರಿಯರು ಇಲ್ಲಿಯೇ ಉಳಿದರು. ನಾವೂ ಉಳಿದಿದ್ದೇವೆ. ನಮ್ಮ ರಾಜ್ಯ ಅಲ್ಲಿ, ನಮ್ಮ ನಲ್ಲಿ ಇಲ್ಲಿ. ಬೆಳಿಗ್ಗೆ ಎದ್ದು ನಾವು ಮುಖ ತೊಳೆಯುವುದು ಮುಂಬಯಿ ಮಹಾನಗರಪಾಲಿಕೆಯ ನೀರಿನಲ್ಲಿ. ಮಗು ಹುಟ್ಟಿದರೆ, ಹಿರಿಯರು ತೀರಿಕೊಂಡರೆ ನಾವು ಓಡುವುದು ಅದರ ವಾರ್ಡು ಕಚೇರಿಗೆ.

ಹೀಗಿರುವಲ್ಲಿ, ನಮ್ಮ ಸಂಘಸಂಸ್ಥೆಗಳು ವರ್ಷವರ್ಷವೂ ಶಾಲು ಹೊದಿಸಿ ಫಲತಾಂಬೂಲವಿತ್ತು ಗೌರವಿಸುವವರು ಯಾರು? ಸಾಹಿತಿಗಳು, ಯಕ್ಷಗಾನ ಕಲಾವಿದರು, ಹೋಟೆಲ್ ಉದ್ಯಮದಲ್ಲಿ ಹೆಸರಾದವರು, ದಾನಿಗಳು. ಅವರಲ್ಲಿ ಯಾರೂ ಅನರ್ಹರಲ್ಲ. (ದಾನಿಗಳಿಲ್ಲದಿದ್ದರೆ ಈ ಶಾಮಿಯಾನವೂ ಇರುತ್ತಿರಲಿಲ್ಲ, ಅದನ್ನೂ ಹೇಳಿಬಿಡೋಣ.) ಆದರೆ ಊರನ್ನು ನಡೆಸುವ ಕೆಲಸದಲ್ಲಿ ಹೊಸದೊಂದು ದಾರಿ ಕಂಡುಕೊಂಡವರನ್ನು, ಕಚೇರಿಯೂ ಕೇರಿಯೂ ಕೈಕೂಡಿಸುವಂತೆ ಮಾಡಿದವರನ್ನು ನಾವು ವೇದಿಕೆಗೆ ಕರೆಯುವುದು ಅಪರೂಪ. ಇಂದು ನಾವು ನಿಮ್ಮ ಮುಂದೆ ಇಡಬೇಕೆಂದಿರುವುದು ಈ ಒಂದೇ ವಿಚಾರ.

ನಗರಕ್ಕೆ ಇಂಥವರನ್ನು ನೆನೆಯುವ ಅಭ್ಯಾಸ ಇಲ್ಲದಿಲ್ಲ. ಪಾಲಿಕೆಯ ಕಟ್ಟಡದೆದುರು ಸರ್ ಫಿರೋಜಶಾ ಮೆಹತಾ ಅವರ ಪ್ರತಿಮೆ ನಿಂತಿದೆ. 1888ರ ಮುನಿಸಿಪಲ್ ಕಾಯಿದೆಯೊಡನೆ ಅವರ ಹೆಸರು ಹೆಣೆದುಕೊಂಡಿದೆ. ಅದು ಎಲ್ಲರೂ ಬಲ್ಲದ್ದು. ಮೋಡಕಸಾಗರದ ಸಂಗತಿ ಅಷ್ಟು ತಿಳಿದಿಲ್ಲ. 1860ರಲ್ಲಿ ವಿಹಾರ ಕೆರೆಯಿಂದ ಆರಂಭವಾದ ಕೊಳಾಯಿ ನೀರು ತುಳಸಿ, ತಾನ್ಸಾಗಳು ಸೇರಿದ ಮೇಲೂ ಸಾಲದಾಯಿತು. 1950ರಲ್ಲಿ ಒಮ್ಮೆ, 1957ರಲ್ಲಿ ಮತ್ತೊಮ್ಮೆ ಉಪನಗರಗಳು ಸೇರಿಕೊಂಡು ನಗರದ ಎಲ್ಲೆ ದಹಿಸರ, ಮುಲುಂಡಗಳವರೆಗೆ ಚಾಚಿತು. ಆ ಕಾಲದಲ್ಲಿ ವೈತರಣಾ ನದಿಗೆ ಕಟ್ಟಿದ ಅಣೆಕಟ್ಟಿನ ಜಲಾಶಯವೇ ಮೋಡಕಸಾಗರ. ಮೋಡಗಳಿಂದ ತುಂಬುವ ಕೆರೆಯಾದುದರಿಂದ ಈ ಹೆಸರೆಂದು ಕನ್ನಡ ಕಿವಿಗೆ ಕೇಳಿಸಿದರೆ ತಪ್ಪಿಲ್ಲ; ನಿಜದಲ್ಲಿ ಅದು ಎನ್. ವಿ. ಮೋಡಕ ಎಂಬ ಪಾಲಿಕೆಯ ಇಂಜಿನಿಯರರ ಹೆಸರು. ಮಳೆಗಾಲದಲ್ಲಿ ಮೋಡಕಸಾಗರ ತುಂಬಿ ಹರಿಯಿತೆಂದು ಪತ್ರಿಕೆಗಳು ಬರೆಯುವಾಗ ಒಬ್ಬ ಇಂಜಿನಿಯರರ ಹೆಸರು ಲಕ್ಷಾಂತರ ಮನೆಗಳಿಗೆ ತಲುಪುತ್ತದೆ.

ಇನ್ನೊಬ್ಬರು ಧೋಬಿ ತಲಾವಿನಲ್ಲಿ, ಮೆಟ್ರೊ ಚಿತ್ರಮಂದಿರದ ಎದುರು ಪ್ರತಿಮೆಯಾಗಿ ನಿಂತಿರುವ ಡಾ. ಅಕಾಸಿಯೊ ವಿಯೆಗಾಸ್. 1896ರ ಸೆಪ್ಟೆಂಬರಿನಲ್ಲಿ ಮಾಂಡವಿಯಲ್ಲಿ ಜನರನ್ನು ಕೊಲ್ಲುತ್ತಿದ್ದ ಜ್ವರ ಪ್ಲೇಗು ಎಂದು ಮೊದಲು ಗುರುತಿಸಿದ ವೈದ್ಯರು, ನಗರಸಭೆಯ ಸದಸ್ಯರೂ ಹೌದು. ರೋಗವನ್ನು ಗುರುತಿಸಿದ್ದು ಅವರ ಹಿರಿಮೆ. ಆದರೆ ಆಮೇಲೆ ನಡೆದದ್ದನ್ನು ಪ್ರತಿಮೆ ಹೇಳುವುದಿಲ್ಲ. ಮನೆಮನೆಗೆ ನುಗ್ಗಿ ಶೋಧ, ರೋಗಿಗಳ ಬಲವಂತದ ಸಾಗಾಟ, ಗೋಡೆಗಳಿಗೆ ಸುಣ್ಣ, ಬೀದಿಗೆ ಬಿದ್ದ ಪಾತ್ರೆಪಡಗ. 1896ರ ಅಕ್ಟೋಬರಿನಲ್ಲಿ ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆಯೇ ಏರಿಹೋದರು. 1898ರ ಮಾರ್ಚಿನಲ್ಲಿ ಗಲಭೆಯಾಯಿತು. ಲಕ್ಷಾಂತರ ಜನ ಗಂಟುಮೂಟೆ ಕಟ್ಟಿ ಊರು ಬಿಟ್ಟರು. ಕಾಯಿಲೆ ಬಂದವನನ್ನು ಮನೆಯವರು ಅಟ್ಟದ ಮೇಲೆ ಅಡಗಿಸಿಡುವಷ್ಟು ಕಚೇರಿಗೆ ಕೇರಿ ಹೆದರಿತ್ತು. ಎರಡರ ನಡುವೆ ನಂಬಿಕೆಯಿಲ್ಲದೆ ಹೋದರೆ ಜ್ಞಾನವೊಂದರಿಂದ ಊರು ಉಳಿಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಆ ಪ್ಲೇಗಿನ ಕಾಲಕ್ಕೆಂದು 1897ರಲ್ಲಿ ಮಾಡಿದ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ 2020ರಲ್ಲಿ ಮತ್ತೆ ಹೊರತೆಗೆದರು. ಆ ವರ್ಷದ ಏಪ್ರಿಲ್ 1ರಂದು ಧಾರಾವಿಯಲ್ಲಿ ಮೊದಲ ಕೊರೊನಾ ರೋಗಿ ಕಂಡುಬಂದಾಗ, ಇನ್ನು ಈ ಊರನ್ನು ದೇವರೇ ಕಾಯಬೇಕೆಂದು ಹೇಳದವರಿಲ್ಲ. ಸುಮಾರು ಎರಡೂವರೆ ಚದರ ಕಿಲೋಮೀಟರಿನಲ್ಲಿ ಎಂಟು ಲಕ್ಷಕ್ಕೂ ಮಿಕ್ಕಿದ ಜನ. ಹತ್ತಡಿಗೆ ಹತ್ತಡಿ ಕೋಣೆಯಲ್ಲಿ ಎಂಟು ಹತ್ತು ಮಂದಿ. ಹೆಚ್ಚಿನವರಿಗೆ ಸಾರ್ವಜನಿಕ ಶೌಚಾಲಯವೇ ಗತಿ. ಅಂಥ ಮನೆಯಲ್ಲಿ ರೋಗಿಯನ್ನು ‘ಪ್ರತ್ಯೇಕವಾಗಿರಿ’ ಎಂದರೆ ಆತ ಇರುವುದೆಲ್ಲಿ? ಪಾಲಿಕೆಯ ಜಿ-ಉತ್ತರ ವಾರ್ಡಿನವರು ರೋಗ ತಮ್ಮ ಬಾಗಿಲಿಗೆ ಬರಲೆಂದು ಕಾಯದೆ ತಾವೇ ಅದನ್ನು ಹುಡುಕಿಕೊಂಡು ಹೊರಟರು. ಧಾರಾವಿ, ಮಾಹೀಮುಗಳ ಖಾಸಗಿ ವೈದ್ಯರು ರಕ್ಷಣೆಯ ಉಡುಪು ತೊಟ್ಟು ಪಾಲಿಕೆಯ ಸಿಬ್ಬಂದಿಯೊಡನೆ ಗಲ್ಲಿಗಲ್ಲಿ ನಡೆದರು. ಜನ ಬಾಗಿಲು ತೆರೆದದ್ದು ಆ ವೈದ್ಯರ ಮುಖ ನೋಡಿ. ಹತ್ತಾರು ವರ್ಷ ಮಕ್ಕಳ ಕೆಮ್ಮಿಗೆ ಔಷಧ ಕೊಟ್ಟವರು ಅವರೇ ಅಲ್ಲವೇ! ಶಾಲೆಗಳು, ಮದುವೆಯ ಸಭಾಗೃಹಗಳು ಪ್ರತ್ಯೇಕವಾಸದ ತಾಣಗಳಾದವು. ಊಟವನ್ನು ಸೇವಾಸಂಸ್ಥೆಗಳೂ ಪಾಲಿಕೆಯೂ ಕೂಡಿ ಒದಗಿಸಿದವು. ಜುಲೈ 10ರಂದು ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರು ಇಟಲಿ, ಸ್ಪೇನ್, ದಕ್ಷಿಣ ಕೊರಿಯಾ ದೇಶಗಳ ಸಾಲಿನಲ್ಲಿ ಧಾರಾವಿಯ ಹೆಸರನ್ನು ಎತ್ತಿ ಹೇಳಿದರು. ದೇಶಗಳ ಸಾಲಿನಲ್ಲಿ ಒಂದು ಕೊಳೆಗೇರಿ! ಆ ಮಾತು ಒಂದು ಶಾಲಿಗಿಂತ ಕಡಮೆಯ ಗೌರವವಲ್ಲ. ಆದರೂ ಗಲ್ಲಿಯಲ್ಲಿ ನಡೆದ ಆ ವೈದ್ಯರ, ಆರೋಗ್ಯ ಸೇವಿಕೆಯರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಇಂಥ ಒಡನಾಟ ಒಂದು ಬೇಸಗೆಯಲ್ಲಿ ಹುಟ್ಟುವಂಥದಲ್ಲ. ಈ ನಗರದಲ್ಲಿ ಅದರ ಒಂದು ಹಳೆಯ ಎಳೆಯನ್ನು ಹಿಡಿದು ಹೋದರೆ ಅದು, ಆಶ್ಚರ್ಯವೆನಿಸಬಹುದು, ನಮ್ಮ ಕೋಲಾರದ ಚಿನ್ನದ ಗಣಿಗೆ ಮುಟ್ಟುತ್ತದೆ. ಜೋಕಿನ್ ಅರ್ಪುತಂ ಹುಟ್ಟಿದ್ದು ಅಲ್ಲಿ, ಮನೆಮಾತು ತಮಿಳು. 1960ರ ದಶಕದಲ್ಲಿ ಮುಂಬಯಿಗೆ ಬಂದು ಜನತಾ ಕಾಲನಿಯೆಂಬ ಕೊಳೆಗೇರಿಯಲ್ಲಿ ನೆಲೆನಿಂತರು. ಅಲ್ಲಿಯ ಕಸವನ್ನು ಯಾರೂ ಎತ್ತುತ್ತಿರಲಿಲ್ಲ. ಅವರು ಮನವಿ ಬರೆಯುತ್ತ ಕೂಡಲಿಲ್ಲ. ಕೇರಿಯ ಮಕ್ಕಳನ್ನು ಕಟ್ಟಿಕೊಂಡು, ಒಬ್ಬೊಬ್ಬರ ಕೈಗೂ ಕಸದ ಪೊಟ್ಟಣ ಕೊಟ್ಟು, ಮೆರವಣಿಗೆಯಲ್ಲಿ ಹೋಗಿ ನಗರಸಭೆಯ ಕಚೇರಿಯ ಮುಂದೆ ಸುರಿಸಿದರು. ಜಗಳವೆಂದರೆ ಜಗಳವೇ. ಆದರೆ ಅದು ಅಲ್ಲಿಗೆ ನಿಲ್ಲಲಿಲ್ಲ: ಕಸ ಕೂಡಿಸುವುದು ನಮ್ಮ ಪಾಲು, ಒಯ್ಯುವುದು ನಿಮ್ಮ ಪಾಲು ಎಂಬ ಒಪ್ಪಂದದ ಕಡೆಗೆ ಹೊರಳಿತು. 1976ರಲ್ಲಿ ಜನತಾ ಕಾಲನಿಯನ್ನೇ ಕೆಡವಿ ಹಾಕಿದರು. ಅವರು ಕಟ್ಟಿದ ಕೊಳೆಗೇರಿ ನಿವಾಸಿಗಳ ರಾಷ್ಟ್ರೀಯ ಒಕ್ಕೂಟ ಮಾತ್ರ ಬೆಳೆಯಿತು. 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2011ರಲ್ಲಿ ಪದ್ಮಶ್ರೀ, 2018ರಲ್ಲಿ ತೀರಿಕೊಂಡರು. ಮನಿಲಾದವರು ಗುರುತಿಸಿದ ಈ ಕೋಲಾರದ ಮಗನ ಹೆಸರು ನಮ್ಮ ಮಾತುಗಳಲ್ಲಿ ಬರುವುದು ಬಲು ಕಡಮೆ.

1995ರಲ್ಲಿ ವಿಶ್ವಬ್ಯಾಂಕಿನ ಸಾಲದೊಡನೆ ಪಾಲಿಕೆ ಕೊಳೆಗೇರಿಗಳ ಶೌಚಾಲಯ ಯೋಜನೆಯನ್ನು ಕೈಗೆತ್ತಿಕೊಂಡಾಗ ಆ ಒಕ್ಕೂಟ, ಅದರ ಜೊತೆಯ ಮಹಿಳಾ ಮಿಲನ, ಸ್ಪಾರ್ಕ್ ಸಂಸ್ಥೆಗಳು ಕಾಮಗಾರಿಯಲ್ಲಿ ಪಾಲುಗೊಂಡವು. ಇದರ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಜಾಣತನವೆಲ್ಲ ಇರುವುದು ಅದರಲ್ಲಿಯೇ. ಮೊದಲಿನ ಪದ್ಧತಿಯಲ್ಲಿ ಪಾಲಿಕೆ ಕಕ್ಕಸು ಕಟ್ಟಿ ಹೋಗುತ್ತಿತ್ತು. ಆರು ತಿಂಗಳಿಗೆ ಬಾಗಿಲು ಮುರಿದು, ನೀರು ನಿಂತು, ಹೆಂಗಸರು ಕತ್ತಲೆಗಾಗಿ ಕಾಯುವ ಪಾಡು ಮತ್ತೆ ಬರುತ್ತಿತ್ತು. ಹೊಸ ಪದ್ಧತಿಯಲ್ಲಿ ಕೇರಿಯವರು ಮೊದಲು ಸಮಿತಿ ಕಟ್ಟಿ ನೋಂದಾಯಿಸಬೇಕು. ವಯಸ್ಕರೊಬ್ಬರಿಗೆ 100 ರೂಪಾಯಿ, ಒಂದು ಕುಟುಂಬಕ್ಕೆ ಹೆಚ್ಚೆಂದರೆ 500 ರೂಪಾಯಿ ವಂತಿಗೆ ಕೂಡಿಸಬೇಕು. ಕಟ್ಟಡದ ಖರ್ಚು ಪಾಲಿಕೆಯದು, ಒಡೆತನವೂ ಅದರದೇ. ನಡೆಸುವುದು ಕೇರಿಯವರು: ಮನೆಗೊಂದು ಮಾಸಿಕ ಪಾಸು, ಆ ಹಣದಲ್ಲಿ ನೀರು, ವಿದ್ಯುತ್ತು, ಕಾವಲುಗಾರನ ಸಂಬಳ. ಒಕ್ಕೂಟದವರು ಕಟ್ಟಿಸಿದ ಕಡೆಗಳಲ್ಲಿ ಮಕ್ಕಳಿಗೆಂದೇ ಬೇರೆ ಜಾಗ ಮಾಡಿದರು. ದೊಡ್ಡವರ ಸಾಲಿನಲ್ಲಿ ಮಕ್ಕಳನ್ನು ಹಿಂದಕ್ಕೆ ತಳ್ಳುತ್ತಾರೆಂಬುದು ತಾಯಂದಿರಿಗೆ ತಿಳಿದಿತ್ತು, ನಕ್ಷೆ ಬರೆಯುವವರಿಗೆ ತಿಳಿದಿರಲಿಲ್ಲ. 2005ರ ಹೊತ್ತಿಗೆ ಹೀಗೆ 300ಕ್ಕೂ ಹೆಚ್ಚು ಕಟ್ಟಡಗಳು, 5000ಕ್ಕೂ ಹೆಚ್ಚು ಆಸನಗಳು ಸಿದ್ಧವಾದವು.

ಎಲ್ಲವೂ ಚೆನ್ನಾಗಿ ನಡೆಯಿತೆಂದಲ್ಲ. ಕೆಲವೆಡೆ ಸಮಿತಿ ಒಂದೆರಡು ಬಲಾಢ್ಯರ ಕೈಗೆ ಸಿಕ್ಕಿ ಲಾಭದ ಅಂಗಡಿಯಾಯಿತು. ಆದರೆ ಸರಿಯಾಗಿ ನಡೆದ ಕಡೆ ಅದು ಯಾರ ಸಾಧನೆ? ಪಾಲಿಕೆಯದೋ, ಕೇರಿಯದೋ? ಒಬ್ಬರನ್ನು ಬಿಟ್ಟು ಒಬ್ಬರಿಗೆ ಹಾರ ಹಾಕಿದರೆ ಅರ್ಧ ಸುಳ್ಳಾಗುತ್ತದೆ.

ಉಪನಗರದ ಮಧ್ಯಮವರ್ಗಕ್ಕೂ ಇಂಥದೊಂದು ಕಥೆಯಿದೆ. 1990ರ ದಶಕದ ನಡುವೆ ಘಾಟಕೋಪರದ ಜೋಶಿ ಲೇನಿನ ನಿವಾಸಿಗಳು ಹಸಿ ಕಸ, ಒಣ ಕಸ ಬೇರೆ ಮಾಡಿ, ಹಸಿಯದನ್ನು ಅಲ್ಲಿಯೇ ಗೊಬ್ಬರಕ್ಕೆ ಹಾಕತೊಡಗಿದರು. ವಾರ್ಡಿನ ಅಧಿಕಾರಿಗಳು ಇದನ್ನು ಕಂಡು ಕಣ್ಣು ಮುಚ್ಚಿಕೊಳ್ಳಲಿಲ್ಲ. ಅದೇ ಮಾದರಿಯನ್ನು ಪಾಲಿಕೆ ಎ.ಎಲ್.ಎಂ. ಎಂಬ ಹೆಸರಿನಲ್ಲಿ ನಗರಕ್ಕೆಲ್ಲ ಹಬ್ಬಿಸಿತು. ನೂರಾರು ಗಲ್ಲಿಗಳಲ್ಲಿ ಇಂಥ ಕೂಟಗಳಾದವು. ಆಮೇಲೆ? ಉತ್ಸಾಹಿ ಅಧಿಕಾರಿಗೆ ವರ್ಗವಾದರೆ ಕೂಟದ ಪತ್ರಕ್ಕೆ ಉತ್ತರ ಬರುವುದು ನಿಂತಿತು. ಬೇರೆ ಮಾಡಿ ಕೊಟ್ಟ ಕಸ ಲಾರಿಯಲ್ಲಿ ಮತ್ತೆ ಒಂದಾದಾಗ ಗೃಹಿಣಿಯರು ಕೈಬಿಟ್ಟರು. ನಿವೃತ್ತರಾದ ನಾಲ್ಕೈದು ಹಿರಿಯರಷ್ಟೇ ಕೂಟವನ್ನು ಎಳೆಯುತ್ತಿದ್ದರು. ಅವರ ಕಾಲು ಸೋತಾಗ ಅನೇಕ ಕೂಟಗಳೂ ಸೋತವು. ಉಳಿದವೂ ಉಂಟು. 2022ರ ಮಾರ್ಚಿನಲ್ಲಿ ನಗರಸೇವಕರ ಅವಧಿ ಮುಗಿದು ವರ್ಷಗಟ್ಟಲೆ ಪಾಲಿಕೆ ಆಡಳಿತಾಧಿಕಾರಿಯ ಕೈಯಲ್ಲಿದ್ದಾಗ, ಬಾಗಿಲು ತಟ್ಟಲು ನಗರಸೇವಕರಿಲ್ಲದ ಗಲ್ಲಿಗಳಿಗೆ ಅಂಥ ಕೂಟದ ಬೆಲೆ ತಿಳಿಯಿತು.

ಪ್ರಶಸ್ತಿಯಿಂದ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಆಗುತ್ತದೆ. 2000ದ ಸುಮಾರಿಗೆ ಮಹಾರಾಷ್ಟ್ರ ಸರ್ಕಾರ ಸಂತ ಗಾಡಗೇಬಾಬಾರ ಹೆಸರಿನಲ್ಲಿ ಗ್ರಾಮಗಳಿಗೆ ಸ್ವಚ್ಛತೆಯ ಪಂದ್ಯವಿಟ್ಟಾಗ ಹಳ್ಳಿಗಳು ಹುರುಪಿನಿಂದ ಪೊರಕೆ ಹಿಡಿದವು. ಬಹುಮಾನದ ಹಣಕ್ಕಿಂತ ನೆರೆಯೂರಿನ ಮುಂದೆ ಸೋಲಬಾರದೆಂಬ ಹಟ ದೊಡ್ಡದಾಗಿತ್ತು. ಅದರ ಬೆನ್ನಿಗೆ ಕೇಂದ್ರದ ನಿರ್ಮಲ ಗ್ರಾಮ ಪುರಸ್ಕಾರ ಬಂತು. ಕರ್ನಾಟಕದಲ್ಲಿ ಗಾಂಧಿ ಗ್ರಾಮ ಪುರಸ್ಕಾರ ಬಂತು. ಸ್ವಚ್ಛ ನಗರಗಳ ಪಟ್ಟಿಯಲ್ಲಿ 2015ರಲ್ಲಿಯೂ 2016ರಲ್ಲಿಯೂ ಮೈಸೂರು ಮೊದಲಾದಾಗ ಮುಂಬಯಿಯಲ್ಲಿ ಕುಳಿತ ನಮಗೂ ಹೆಮ್ಮೆಯಾಯಿತು. ಆದರೆ ನಿರ್ಮಲವೆನಿಸಿಕೊಂಡ ಗ್ರಾಮಗಳಲ್ಲಿ ಅನೇಕವು ಫಲಕ ತೂಗುಹಾಕಿದ ಕೆಲವು ವರ್ಷಗಳಲ್ಲಿ ಹಳೆಯ ಚಾಳಿಗೆ ಮರಳಿದ್ದು ಆಮೇಲಿನ ಪರಿಶೀಲನೆಗಳಲ್ಲಿ ಕಂಡುಬಂತು. ಕೊಡುವ ದಿನ ನೋಡಿದರು, ಕೊಟ್ಟ ಮೇಲೆ ನೋಡಲಿಲ್ಲ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಹೋಟೆಲಿನಲ್ಲಿ ಹಗಲೆಲ್ಲ ಲೋಟ ತೊಳೆದ ನಮ್ಮ ಹುಡುಗರು ರಾತ್ರಿಶಾಲೆಯಲ್ಲಿ ಓದಿ ವಕೀಲರೂ ಬ್ಯಾಂಕಿನ ಅಧಿಕಾರಿಗಳೂ ಆದ ಕಥೆಯನ್ನು ಪ್ರತಿವರ್ಷ ಕೇಳುತ್ತೇವೆ. ಅಂಥ ಶಾಲೆಗಳಲ್ಲಿ ಕೆಲವು ನಡೆದದ್ದು ಹಗಲು ಪಾಲಿಕೆಯ ಶಾಲೆಯಾಗಿದ್ದ ಕೊಠಡಿಗಳಲ್ಲಿ. ಸಂಘಗಳು ಮಾಸ್ತರರನ್ನು ಕೊಟ್ಟವು, ಪಾಲಿಕೆ ಬೆಂಚು ಕೊಟ್ಟಿತು. ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಶಾಲೆ ನಡೆಸಿದ ನಗರಸಭೆ ಇದು. ಆ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಮೆಯಾಗುತ್ತ ಬಂದಿರುವುದಕ್ಕೆ ಪಾಲಿಕೆಯೊಂದನ್ನೇ ದೂರಿ ಫಲವಿಲ್ಲ, ಕನ್ನಡ ಕುಟುಂಬಗಳು ಇಂಗ್ಲಿಷಿನತ್ತ ಹೊರಳಿದ್ದೂ ಕಾರಣ. ಆದರೂ ಅಲ್ಲಿ ಉಳಿದು ಪಾಠ ಹೇಳುತ್ತಿರುವ ಶಿಕ್ಷಕಿ ಪಾಲಿಕೆಯ ನೌಕರಳು, ನಮ್ಮ ನುಡಿಯ ಕಾವಲುಗಾರ್ತಿಯೂ ಹೌದು. ಆಕೆಯನ್ನು ಸನ್ಮಾನಿಸಲು ಯಾವ ಸಚಿವರ ಬರವಿಗೆ ಕಾಯಬೇಕು?

ನಾವು ಸಂಘದ ಮುಂದಿಡುವ ಸೂಚನೆ ಇಷ್ಟು. ಮುಂದಿನ ರಾಜ್ಯೋತ್ಸವದಿಂದ ಪ್ರತಿವರ್ಷ ಒಂದು ಜೊತೆ ಸನ್ಮಾನವಿರಲಿ. ಶಾಲು ಎರಡು, ಬೆಲೆ ಒಂದೇ: ಒಂದು ಗಲ್ಲಿಯ ಕೂಟಕ್ಕೋ ಶೌಚಾಲಯದ ಸಮಿತಿಗೋ ಪಾಲಕರ ಗುಂಪಿಗೋ, ಇನ್ನೊಂದು ಅವರೊಡನೆ ದುಡಿದ ಪಾಲಿಕೆಯ ನೌಕರನಿಗೆ. ಆತ ಆಯುಕ್ತನೇ ಆಗಬೇಕಿಲ್ಲ. ಕಸ ಗುಡಿಸುವವರ ಮುಕಾದಮನಾಗಲಿ, ನಟ್ಟಿರುಳು ಎದ್ದು ನೀರಿನ ಚಾವಿ ತಿರುಗಿಸುವ ಚಾವಿವಾಲಾ ಆಗಲಿ, ಶಾಲೆಯ ಶಿಕ್ಷಕಿಯಾಗಲಿ. ಕೆಲಸಕ್ಕೆ ಮೂರು ವರ್ಷ ತುಂಬಿರಬೇಕು. ಸನ್ಮಾನವಾದ ಎರಡು ವರ್ಷಕ್ಕೆ ನಾವು ಮತ್ತೆ ಹೋಗಿ ನೋಡಬೇಕು, ಕಂಡದ್ದನ್ನು ಈ ಸಂಚಿಕೆಯಲ್ಲಿ ಅಚ್ಚು ಹಾಕಬೇಕು.

ಅವರು ಕನ್ನಡಿಗರೇ ಆಗಿರಬೇಕೇ ಎಂಬ ಪ್ರಶ್ನೆ ಕಾರ್ಯಕಾರಿ ಸಮಿತಿಯಲ್ಲಿ ಎದ್ದೇ ಏಳುತ್ತದೆ. ಬೇಡವೆಂಬುದು ನಮ್ಮ ಅಭಿಪ್ರಾಯ. ನಮ್ಮ ಬೀದಿಯ ಮುಕಾದಮ ಮರಾಠಿಗ, ಸಮಿತಿಯ ಕಾರ್ಯದರ್ಶಿ ತಮಿಳಿತಿ, ಲೆಕ್ಕ ಬರೆಯುವವರು ಉಡುಪಿಯ ಕಡೆಯವರು. ಹೀಗಿರುವ ಕೆಲಸವನ್ನು ಭಾಷೆಯ ತಕ್ಕಡಿಯಲ್ಲಿ ತೂಗುವುದು ಹೇಗೆ? ಬಿನ್ನವತ್ತಳೆಯನ್ನು ಕನ್ನಡದಲ್ಲಿಯೇ ಬರೆಯೋಣ. ಅರ್ಥ ಹೇಳುವ ನೆಪದಲ್ಲಿ ನಾಲ್ಕು ಮಾತು ಹೆಚ್ಚಿಗೆ ಆಡಿದಂತಾಗುತ್ತದೆ.

ನಿಮ್ಮ ನಿಮ್ಮ ವಾರ್ಡಿನಲ್ಲಿ ಇಂಥ ಜೊತೆ ಕಂಡಿದ್ದರೆ ಊಟಕ್ಕೆ ಏಳುವ ಮುನ್ನ ಕಾರ್ಯದರ್ಶಿಗಳಲ್ಲಿ ಹೆಸರು ಬರೆಸಿ. ನೋಡಲು ಹೋಗುವುದನ್ನು ಜುಲೈ ತಿಂಗಳಿಗೇ ಇಟ್ಟುಕೊಳ್ಳೋಣ; ಗಟಾರದ ಗುಣವೂ ಸಮಿತಿಯ ಗುಣವೂ ತಿಳಿಯುವುದು ಮಳೆಯಲ್ಲಿ. ಭಾನುವಾರ ಬೆಳಿಗ್ಗೆ ಹೊರಡುವುದು. ಚಹಾ ತಿಂಡಿ ಸಂಘದ್ದು, ಕೊಡೆ ಮಾತ್ರ ಅವರವರದು.