ಟೋಪಿಯ ಚಿತ್ರ, ಪೇಟದ ಚಿತ್ರ

ಸ್ವಾತಂತ್ರ್ಯ ಹೋರಾಟಗಾರರ ಈ ಭಾವಚಿತ್ರ ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ. ಇತಿಹಾಸ ಹೇಳಲು ಪ್ರಾಧ್ಯಾಪಕರಿದ್ದಾರೆ. ನನ್ನ ಆಯುಷ್ಯ ಕಳೆದದ್ದು ಫೋಟೊ ಸ್ಟುಡಿಯೊದಲ್ಲಿ. ಹಾಗಾಗಿ ಒಂದೇ ಒಂದು ಚಿತ್ರದ ಬಗ್ಗೆ ಮಾತಾಡುತ್ತೇನೆ.

ಬಾಗಿಲಿನ ಎದುರಿಗೇ ಇದೆಯಲ್ಲ, ಟೋಪಿ ಹಾಕಿದ ಭಗತ್ ಸಿಂಗ್. 1929ರ ಏಪ್ರಿಲ್ 8ರಂದು ದೆಹಲಿಯ ಕೇಂದ್ರ ಶಾಸನಸಭೆಯಲ್ಲಿ ಬಾಂಬು ಎಸೆದು, ಓಡದೆ ನಿಂತು ಸೆರೆಯಾಗಬೇಕೆಂದು ತೀರ್ಮಾನವಾಗಿತ್ತು. ಅದಕ್ಕೆ ಕೆಲವೇ ದಿನ ಮುಂಚೆ ಕಾಶ್ಮೀರಿ ಗೇಟಿನ ಸ್ಟುಡಿಯೊವೊಂದರಲ್ಲಿ ತೆಗೆಸಿದ್ದು ಇದು. ಪತ್ರಿಕೆಗಳಿಗೆ ತಲುಪಲೆಂದೇ ತೆಗೆಸಿದ್ದು. ಕ್ಯಾಮೆರಾ ಮುಂದೆ ಕೂತು ಬೆವರುವವರನ್ನು ಬಹಳ ಕಂಡಿದ್ದೇನೆ. ಇಪ್ಪತ್ತೊಂದರ ಈ ತರುಣನ ನೋಟ ಎಲ್ಲೂ ಕದಲಿಲ್ಲ.

ಆಮೇಲೆ ಇದೇ ಮುಖಕ್ಕೆ ಕ್ಯಾಲೆಂಡರುಗಳಲ್ಲಿ ಬಣ್ಣದ ಪೇಟ ಬಂತು, ಕೈಗೆ ಪಿಸ್ತೂಲು ಬಂತು. ನಮ್ಮಲ್ಲಿಗೂ ತೀರಿಹೋದ ಅಜ್ಜನ ಸಣ್ಣ ಫೋಟೊ ತಂದು, 'ಜರಿಪೇಟ ಹಾಕಿ ದೊಡ್ಡದು ಮಾಡಿಕೊಡಿ' ಎನ್ನುವವರು ಬರುತ್ತಿದ್ದರು. ಮೊಮ್ಮಕ್ಕಳ ಕಾಲಕ್ಕೆ ಅಜ್ಜ ಜರಿಪೇಟದವನೇ ಆಗಿರುತ್ತಿದ್ದ. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊಲಕ್ಕೆ ಹೋಗುತ್ತಿದ್ದವನನ್ನು ಯಾರೂ ಅರಿಯರು. ಅದು ಮನೆಮಂದಿಯ ಆಸೆ, ತಪ್ಪೆನ್ನಲಾರೆ. ಇಡೀ ದೇಶವೇ ಹಾಗೆ ಮಾಡಿದರೆ ನಷ್ಟ ದೊಡ್ಡದು. ಜೈಲಿನಲ್ಲಿ ಓದಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡ, ಕೈದಿಗಳ ಹಕ್ಕಿಗಾಗಿ ತಿಂಗಳುಗಟ್ಟಲೆ ಉಪವಾಸ ಕೂತ, ತಾನೇಕೆ ನಾಸ್ತಿಕ ಎಂದು 1930ರಲ್ಲಿ ವಿವರವಾಗಿ ಬರೆದ ಮನುಷ್ಯ ಆ ಪಿಸ್ತೂಲಿನ ಹಿಂದೆ ಮರೆಯಾಗಿದ್ದಾರೆ. ಮಕ್ಕಳಿಗೆ ಭಗತ್ ಸಿಂಗ್ ಚಿತ್ರ ಬಿಡಿಸಲು ಹೇಳಿ ನೋಡಿ, ಪುಸ್ತಕ ಹಿಡಿಸುವ ಮಗು ಸಿಗುವುದು ಕಷ್ಟ.

ನನ್ನನ್ನು ಇನ್ನೂ ಹೆಚ್ಚು ಕಾಡುವುದು ಬೇರೆ. ಅದೇ ದಿನಗಳಲ್ಲಿ, ಅದೇ ಉದ್ದೇಶಕ್ಕೆ ಬಟುಕೇಶ್ವರ ದತ್ತರೂ ಫೋಟೊ ತೆಗೆಸಿಕೊಂಡಿದ್ದರು. ಅವರೂ ಬಾಂಬು ಎಸೆದರು, ಅವರೂ ಓಡಲಿಲ್ಲ. ಅಂಡಮಾನಿನ ಸೆರೆವಾಸ ಮುಗಿಸಿ ಬದುಕಿ ಬಂದರು. ಸ್ವತಂತ್ರ ಭಾರತದಲ್ಲಿ ಹೊಟ್ಟೆಪಾಡಿಗೆ ಪರದಾಡಿ, 1965ರಲ್ಲಿ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಹುಸೇನಿವಾಲಾದಲ್ಲಿ, ಸಂಗಾತಿಗಳ ಚಿತೆ ಉರಿದ ನೆಲದಲ್ಲೇ ಅಂತ್ಯಕ್ರಿಯೆಯಾಯಿತು. 1931ರಲ್ಲಿ ನೇಣಿಗೇರಿದ ಭಗತ್ ಸಿಂಗರ ಚಿತ್ರಕ್ಕೆ ವಯಸ್ಸಾಗಲಿಲ್ಲ. ಬದುಕುಳಿದು ಮುದುಕರಾದ ದತ್ತರ ಮುಖ ಯಾವ ಕ್ಯಾಲೆಂಡರಿಗೂ ಬೇಕಾಗಲಿಲ್ಲ. ಕಾರ್ಯಕ್ರಮಕ್ಕೆ ಮುಂಚೆ ಇಡೀ ಸಭಾಂಗಣ ಸುತ್ತಿ ಬಂದೆ. ಇಲ್ಲೂ ಅವರಿಲ್ಲ.

ಸಂಘಟಕರಲ್ಲಿ ಎರಡು ವಿನಂತಿ. ಪ್ರತಿ ಚಿತ್ರದ ಕೆಳಗೆ ಅದು ಫೋಟೊವೋ, ಕಲಾವಿದರು ಬರೆದದ್ದೋ, ಯಾವ ಕಾಲದ್ದು ಎಂದು ಗೊತ್ತಿದ್ದಷ್ಟು ಬರೆಯಿರಿ. ದತ್ತರ ಚಿತ್ರವನ್ನು ನಾನೇ ಪ್ರಿಂಟ್ ಹಾಕಿ, ಫ್ರೇಮ್ ಕಟ್ಟಿಸಿ ನಾಳೆ ಬೆಳಿಗ್ಗೆ ತಂದುಕೊಡುತ್ತೇನೆ. ದಯವಿಟ್ಟು ಆ ಟೋಪಿಯ ಚಿತ್ರದ ಪಕ್ಕದಲ್ಲೇ ಒಂದು ಮೊಳೆ ಹೊಡೆದಿಡಿ.