ಬರಿದಾದ ಕೋರೆ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಕಡೆ ಮುರಕಲ್ಲಿನ ಗೋಡೆ, ಬಾವಿಕಟ್ಟೆಗಳನ್ನು ಕಾಣದವರಿಲ್ಲ. ನೆಲದೊಳಗೆ ಮೆದುವಾಗಿದ್ದು, ಕಡಿದು ಗಾಳಿಗೊಡ್ಡಿದ ಮೇಲೆ ಗಟ್ಟಿಯಾಗುವುದು ಈ ಕಲ್ಲಿನ ಗುಣ. ಮಲಬಾರಿನಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ಪ್ರವಾಸಗ್ರಂಥದಲ್ಲಿ ಇದನ್ನು ‘ಲ್ಯಾಟರೈಟ್’ ಎಂದು ಕರೆದನು. ಲ್ಯಾಟಿನ್ನಿನ ಆ ಮೂಲಪದಕ್ಕೆ ಇಟ್ಟಿಗೆಯೆಂದೇ ಅರ್ಥ.

ಕಲ್ಲನ್ನು ಕಡಿದೆತ್ತಿದ ಮೇಲೆ ಉಳಿಯುವ ಕುಳಿಯ ಕುರಿತು ನಾನಿಂದು ಎರಡು ಮಾತು ಹೇಳಬಯಸುತ್ತೇನೆ. ಮುರಕಲ್ಲಿನ ತೆರೆದ ಕೋರೆ 6 ಮೀಟರು ಆಳವನ್ನು ಮೀರದಿದ್ದರೆ, ದಿನಕ್ಕೆ 50ಕ್ಕಿಂತ ಹೆಚ್ಚು ಜನ ದುಡಿಯದಿದ್ದರೆ, ಸ್ಫೋಟಕವನ್ನು ಬಳಸದಿದ್ದರೆ, 1952ರ ಗಣಿ ಕಾಯಿದೆಯು ಅದನ್ನು ತನ್ನ ಬಹುಪಾಲು ನಿಯಮಗಳಿಂದ ಹೊರಗಿಟ್ಟಿತ್ತು. ಸಣ್ಣ ಕೋರೆಗೆ ಸಣ್ಣ ಅಪಾಯವೆಂಬ ಎಣಿಕೆಯಿದು. ಆದರೆ 6 ಮೀಟರೆಂದರೆ ಮೂರಾಳುದ್ದಕ್ಕೂ ಮಿಕ್ಕ ಆಳ! ಕಲ್ಲನ್ನು ನೇರವಾಗಿ ಕಡಿಯುವುದರಿಂದ ಬದಿಗಳು ಗೋಡೆಯಂತೆ ನಿಲ್ಲುತ್ತವೆ. ಮಳೆಗಾಲದಲ್ಲಿ ತುಂಬುವ ಕೆಂಪು ನೀರು ತನ್ನ ಆಳವನ್ನು ತೋರಗೊಡದು. ಈಜಲಿಳಿದ ಮಕ್ಕಳಿಗೆ ಹತ್ತಲು ಮೆಟ್ಟಿಲಿಲ್ಲ, ಹಿಡಿಯಲು ಬೇರಿಲ್ಲ.

ಕೆಲಸ ನಡೆಯುವಾಗ ಎಚ್ಚರಿಸುವವರಾದರೂ ಇರುತ್ತಾರೆ; ಕಲ್ಲು ಮುಗಿದ ಮರುದಿನ ಅಲ್ಲಿ ಯಾರೂ ಇರುವುದಿಲ್ಲ. ಆದಕಾರಣ ಒಂದು ಬದಿಯನ್ನು ಇಳಿಜಾರಾಗಿಸುವುದು, ಅಂಚಿಗೆ ಭದ್ರವಾದ ಬೇಲಿ ಹಾಕುವುದು, ತೆಗೆದ ಮಣ್ಣನ್ನು ಮರಳಿ ತುಂಬುವುದು, ಇವೂ ಕೋರೆಯ ಕೆಲಸವೇ ಎಂದು ತಿಳಿಯಬೇಕು. ಕರಾರು ಬರೆಯುವ ದಿನವೇ ಜಾಗದ ಒಡೆಯರು ಇದನ್ನು ಕೇಳಿ ಪಡೆಯಲಿ. ಅದಕ್ಕೆ ತಗಲುವ ವೆಚ್ಚ ಕಲ್ಲಿನ ಬೆಲೆಯಲ್ಲಿ ಸೇರಿದರೆ, ಮನೆ ಕಟ್ಟುವ ನಾವು ಚೌಕಾಸಿ ಮಾಡದೆ ಕೊಡೋಣ. ಯಾರದೋ ಮಗುವಿನ ಜೀವಕ್ಕಿಂತ ಅದು ದುಬಾರಿಯಾಗಲಾರದು.